ಮುಡಿಯ ಲೆಕ್ಕ

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಮನೆಗಳಲ್ಲಿ ಪುಸ್ತಕಗಳ ಜೊತೆಗೆ ಹರಕೆಗಳೂ ಹೊರಬರುತ್ತವೆ. ಅಂತರಘಟ್ಟೆಯ ದುರ್ಗಾಂಬೆಗೆ ಒಂದು, ಮನೆದೇವರಿಗೆ ಒಂದು, ದೂರದ ತಿರುಪತಿಗೆ ಇನ್ನೊಂದು. ಕಾಯಿ, ಹಣ್ಣು, ಸೀರೆಯ ಹರಕೆಯಾದರೆ ತೊಂದರೆಯಿಲ್ಲ, ಹೊತ್ತವರೇ ತೀರಿಸುತ್ತಾರೆ. ಮುಡಿಯ ಹರಕೆ ಹಾಗಲ್ಲ. "ಹುಡುಗ ಪಾಸಾದರೆ ಮುಡಿ ಕೊಡಿಸ್ತೀನಿ ತಾಯಿ" ಎಂದು ಅಮ್ಮ ಕೈಮುಗಿಯುತ್ತಾಳೆ. ಮಾತು ಕೊಟ್ಟವಳು ಅಮ್ಮ, ಬೋಳಾಗಬೇಕಾದದ್ದು ಹುಡುಗನ ತಲೆ. ಕಾಲೇಜಿನ ಮೊದಲ ದಿನ ಬೋಳುತಲೆಯಲ್ಲಿ ಹೋಗಲಾರೆನೆಂದು ಅವನು ಹಟ ಹಿಡಿಯುತ್ತಾನೆ. ದೇವರಿಗೆ ಕೊಟ್ಟ ಮಾತು ತಪ್ಪಿದರೆ ಏನಾದೀತೋ ಎಂದು ತಾಯಿ ಕಣ್ಣೀರಿಡುತ್ತಾಳೆ. ಇಬ್ಬರ ಸಂಕಟವೂ ನಿಜವಾದದ್ದೇ.

ಕನ್ನಡದ ಹರಕೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಭಕ್ತ ದೇವರಿಗೆ ಕೊಡುವ ಮಾತೂ ಹರಕೆ, ಹಿರಿಯರು ಕಿರಿಯರನ್ನು ಹರಸುವುದೂ ಹರಕೆ. ಒಂದು ಕೆಳಗಿನಿಂದ ಮೇಲಕ್ಕೆ, ಇನ್ನೊಂದು ಮೇಲಿನಿಂದ ಕೆಳಕ್ಕೆ. ಷರತ್ತು ಹಾಕದೆ ತನ್ನನ್ನು ತಾನೇ ಕಟ್ಟಿಕೊಳ್ಳುವುದಕ್ಕೆ ಮಾತ್ರ ವ್ರತವೆಂಬ ಬೇರೆ ಹೆಸರು.

ಅಂಥ ವ್ರತದ ದಾಖಲೆಯೊಂದು ಕಡೂರಿನಲ್ಲೇ ಇದೆ. ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿದ್ದ ಕಾಲದಲ್ಲಿ, 1901ರಲ್ಲಿ, ಬಿ.ಎಲ್. ರೈಸ್ ಅವರು ಪ್ರಕಟಿಸಿದ ಶಾಸನ ಸಂಪುಟದಲ್ಲಿ ಅದು ಸೇರಿದೆ. ಕಾಲ ಕ್ರಿ.ಶ. 971. ತರೀಕೆರೆ ಬಳಿಯ ಅಮೃತಾಪುರದ ಗುಡಿ (1196) ಏಳಲು ಇನ್ನೂ 225 ವರ್ಷ ಬಾಕಿಯಿತ್ತು. ಬೂತುಗನ ಅಕ್ಕ ಪಾಂಬಬ್ಬೆ ತಲೆಗೂದಲು ಕಿತ್ತುಕೊಂಡು, 30 ವರ್ಷ ತಪಸ್ಸು ಮಾಡಿ, ಪಂಚವ್ರತಗಳನ್ನು ಪಾಲಿಸಿ ಕಣ್ಮುಚ್ಚಿದಳೆಂದು ಆ ಕಲ್ಲು ಹೇಳುತ್ತದೆ. ಜೈನ ವಿರಕ್ತರ ಕೇಶಲೋಚಕ್ಕೆ ಕತ್ತಿ ಸಲ್ಲದು, ಕೈಯಿಂದಲೇ ಕೀಳಬೇಕು. ಅದೂ ಒಮ್ಮೆ ಮಾಡಿ ಮುಗಿಸುವಂಥದಲ್ಲ. ದಿಗಂಬರ ಸಂಪ್ರದಾಯದಲ್ಲಿ ಎರಡರಿಂದ ನಾಲ್ಕು ತಿಂಗಳಿಗೊಮ್ಮೆ ಆಗಬೇಕು. ನಾಲ್ಕು ತಿಂಗಳೆಂದೇ ಹಿಡಿದರೂ 30 ವರ್ಷಕ್ಕೆ 90 ಸಲವಾಯಿತು. ರಾಜಮನೆತನದ ಹೆಣ್ಣುಮಗಳು!

ಇದಕ್ಕೆ ನೇರ ತಿರುಗುಮುರುಗಾದ ವ್ರತವೊಂದು ಹೀಬ್ರೂ ಧರ್ಮಗ್ರಂಥದಲ್ಲಿ ಬರುತ್ತದೆ. ಅದಿರುವ ಭಾಗಕ್ಕೆ ಕನ್ನಡ ಬೈಬಲ್‌ನಲ್ಲಿ ಅರಣ್ಯಕಾಂಡವೆಂದು ಹೆಸರು. (ರಾಮಾಯಣದ ಅರಣ್ಯಕಾಂಡಕ್ಕೂ ಇದಕ್ಕೂ ನಂಟಿಲ್ಲ, ಇದು ಇಸ್ರಾಯೇಲ್ಯರು ಮರುಭೂಮಿಯಲ್ಲಿ ಅಲೆದ ಕಥೆ.) ಅದರ 6ನೆಯ ಅಧ್ಯಾಯದಲ್ಲಿ ನಾಜೀರ ವ್ರತದ ಕಟ್ಟಳೆಗಳಿವೆ. ವ್ರತ ಹಿಡಿದ ಗಂಡಾಗಲಿ ಹೆಣ್ಣಾಗಲಿ ದ್ರಾಕ್ಷಾರಸ ಕುಡಿಯಬಾರದು, ದ್ರಾಕ್ಷಿಯನ್ನೂ ತಿನ್ನಬಾರದು. ತಂದೆತಾಯಿಯೇ ಸತ್ತರೂ ಹೆಣದ ಹತ್ತಿರ ಸುಳಿಯಬಾರದು. ತಲೆಗೆ ಕತ್ತಿ ಸೋಕಿಸಬಾರದು. ಅವಧಿ ಹೇಳದೆ ಹಿಡಿದ ವ್ರತಕ್ಕೆ ಮುಂದೆ ಯಹೂದಿ ಗುರುಗಳು 30 ದಿನ ಗೊತ್ತುಮಾಡಿದರು. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ದಿನದ ಲೆಕ್ಕದಲ್ಲಿ ಸುಳ್ಳು ಹೇಳಬಹುದು. ತಲೆಯ ಮೇಲಿನ ಸೆಂಟಿಮೀಟರಿನಲ್ಲಿ ಹೇಳಲಾಗದು. ನಡುವೆ ಯಾರಾದರೂ ಪಕ್ಕದಲ್ಲೇ ತಟ್ಟನೆ ಸತ್ತರೆ, ಮೈಲಿಗೆಯಾದ ಕೂದಲನ್ನು ಏಳನೆಯ ದಿನ ಬೋಳಿಸಿ, ಶುದ್ಧಿಯ ಬಲಿ ಕೊಟ್ಟು, ಒಂದರಿಂದ ಮತ್ತೆ ಎಣಿಸಬೇಕು. ಪ್ರಯೋಗಾಲಯದಲ್ಲಿ ದ್ರಾವಣಕ್ಕೆ ಕಸ ಬಿದ್ದರೆ ಚೆಲ್ಲಿ ಮೊದಲಿನಿಂದ ಶುರುಮಾಡುವಂತೆ. ಅವಧಿ ತುಂಬಿದ ಮೇಲೆ ಕುರಿಮರಿ, ಟಗರು, ರೊಟ್ಟಿಗಳೊಡನೆ ಯಾಜಕನ ಬಳಿಗೆ ಹೋಗಿ, ತಲೆ ಬೋಳಿಸಿ, ಆ ಕೂದಲನ್ನು ಯಜ್ಞದ ಬೆಂಕಿಗೆ ಹಾಕಬೇಕು.

ಯಾಜಕನ ಕೆಲಸ ಬಲಿಯಷ್ಟಕ್ಕೇ ಮುಗಿಯುತ್ತಿರಲಿಲ್ಲ. ಒಬ್ಬ ಮನುಷ್ಯನನ್ನೇ ದೇವರಿಗೆ ಹರಕೆ ಹೊತ್ತರೆ, ಬದಲಿಗೆ ಕೊಡಬೇಕಾದ ಬೆಳ್ಳಿಯ ದರ ಯಾಜಕಕಾಂಡದಲ್ಲಿದೆ. 20ರಿಂದ 60 ವಯಸ್ಸಿನ ಗಂಡಸಿಗೆ 50 ಶೆಕೆಲ್, ಹೆಂಗಸಿಗೆ 30; ಐದು ದಾಟಿ ಇಪ್ಪತ್ತು ಮುಟ್ಟದ ಹುಡುಗನಿಗೆ 20, ಹುಡುಗಿಗೆ 10. ಹೆಣ್ಣಿಗೆ ಎಲ್ಲ ಕಾಲದಲ್ಲೂ ಕಡಿಮೆ ಬೆಲೆಯೇ! ಬಡವ ಬಂದರೆ ಮಾತ್ರ ಅವನ ಶಕ್ತಿ ನೋಡಿ ಯಾಜಕ ದರ ಇಳಿಸಬೇಕಿತ್ತು.

ನಾಜೀರರ ಅಧ್ಯಾಯ ಮುಗಿಯುವುದು ಯಾಜಕರು ಜನರನ್ನು ಹರಸುವ ಮಾತಿನಲ್ಲಿ. ನಮ್ಮ ಭಾಷೆಯ ಎರಡೂ ಹರಕೆಗಳು ಅಲ್ಲಿ ಒಂದೇ ಅಧ್ಯಾಯದಲ್ಲಿವೆ. ಹರಕೆಯ ಮೂರು ಸಾಲುಗಳಲ್ಲಿ ಹೀಬ್ರೂ ಪದಗಳು 3, 5, 7. ಅಕ್ಷರಗಳು 15, 20, 25. ಹರಸುವವನು ದೇವರು, ಯಾಜಕ ಬಾಯಿ ಮಾತ್ರ ಎಂದು ಕೊನೆಯಲ್ಲಿ ಸ್ಪಷ್ಟವಾಗಿದೆ. 1979ರಲ್ಲಿ ಜೆರುಸಲೇಮಿನ ಹಳೆಯ ಗೋರಿಯೊಂದರಲ್ಲಿ ಸುರುಳಿ ಸುತ್ತಿದ ಎರಡು ಬೆಳ್ಳಿಯ ತಗಡುಗಳು ಸಿಕ್ಕವು. ನಮ್ಮೂರ ತಾಯತದಂಥವು, ದೊಡ್ಡದನ್ನು ಬಿಡಿಸಿದರೂ 10 ಸೆಂಟಿಮೀಟರ್ ಉದ್ದವಿಲ್ಲ. ಪುಡಿಯಾಗದಂತೆ ಬಿಡಿಸಿ ನೋಡಿದಾಗ ಈ ಹರಕೆಯ ಮಾತುಗಳೇ ಇದ್ದವು. ವಯಸ್ಸು ಸುಮಾರು 2600 ವರ್ಷ.

ಇನ್ನು ತಾಯಿ ಹೊತ್ತ ಹರಕೆಯ ಪ್ರಶ್ನೆ. ಸುಮಾರು ಕ್ರಿ.ಶ. 200ರಲ್ಲಿ ಒಟ್ಟುಗೂಡಿಸಿದ ಯಹೂದಿ ಕಟ್ಟಳೆಗಳ ಸಂಗ್ರಹವಾದ ಮಿಷ್ನಾ ಇದನ್ನೂ ವಿಚಾರಿಸಿದೆ. ತಂದೆ ತನ್ನ ಮಗನಿಗೆ ನಾಜೀರ ವ್ರತ ಹಾಕಬಹುದು, ತಾಯಿ ಹಾಕುವಂತಿಲ್ಲ. ಆದರೆ ಮಗ ಒಲ್ಲೆನೆಂದರೆ ತಂದೆ ಹಾಕಿದ್ದೂ ನಿಲ್ಲದು. ಮಗನ ಪರವಾಗಿ ನೆಂಟರು ಬೇಡವೆಂದರೂ ಸಾಕು. ಅಜ್ಜಂಪುರದ ಹುಡುಗ ಇದನ್ನು ಓದಿದರೆ ಸೋದರಮಾವನನ್ನು ಹುಡುಕಿಕೊಂಡು ಹೋದಾನು.

ಆದರೂ ಹೀಬ್ರೂ ಗ್ರಂಥದಲ್ಲಿ ಹೆಸರಾದ ಹರಕೆ ಒಬ್ಬ ತಾಯಿಯದೇ. ಮಕ್ಕಳಿಲ್ಲದ ಹನ್ನ ಶೀಲೋವಿನ ಗುಡಿಯಲ್ಲಿ ತುಟಿ ಅಲುಗಿಸುತ್ತ ಬೇಡುವುದನ್ನು ಕಂಡ ಯಾಜಕ ಏಲಿ, ಅವಳು ಕುಡಿದಿದ್ದಾಳೆಂದು ಗದರಿಸಿದ. ನಿಜ ತಿಳಿದ ಮೇಲೆ ಹರಸಿದ. ಗಂಡು ಹುಟ್ಟಿದರೆ ದೇವರಿಗೇ ಕೊಡುತ್ತೇನೆ, ಅವನ ತಲೆಗೆ ಕತ್ತಿ ಸೋಕಿಸುವುದಿಲ್ಲ ಎಂಬುದು ಅವಳು ಕೊಟ್ಟ ಮಾತು. ಮೊಲೆ ಬಿಡಿಸಿದೊಡನೆ ಪುಟ್ಟ ಸಮುವೇಲನನ್ನು ಕರೆತಂದು ಏಲಿಯ ಬಳಿ ಬಿಟ್ಟುಹೋದಳು. ಮಗುವನ್ನು ಯಾರೂ ಕೇಳಲಿಲ್ಲ. ವರ್ಷಕ್ಕೊಮ್ಮೆ ಗಂಡನ ಜೊತೆ ಬಲಿ ಕೊಡಲು ಬರುವಾಗ ಮಗನಿಗೊಂದು ಚಿಕ್ಕ ನಿಲುವಂಗಿ ಮಾಡಿ ತರುತ್ತಿದ್ದಳು. ಅಷ್ಟು ತಿಂಗಳು ಕಣ್ಣೆದುರಿಗಿಲ್ಲದ ಮಗ ಎಷ್ಟು ಉದ್ದವಾಗಿರಬಹುದೆಂದು ಪ್ರತಿ ಸಲವೂ ಅವಳು ಅಂದಾಜಿನ ಮೇಲೆಯೇ ಹೊಲಿಯಬೇಕಿತ್ತು.