ಜೋಕರ್, ಸರೋದ್ ಮತ್ತು ಒಂದು ಸುಳ್ಳು

ಡಿಸೆಂಬರ್ ಮೊದಲ ವಾರ ಬಂದರೆ ಸಾಕು, ಎಲ್ಲರ ಸ್ಟೇಟಸ್‌ನಲ್ಲೂ ಅದೇ ಬಣ್ಣಬಣ್ಣದ ಚೌಕ. ವರ್ಷವಿಡೀ ಯಾವ ಹಾಡು ಎಷ್ಟು ಸಲ ಕೇಳಿದಿರಿ ಅಂತ ಆ್ಯಪ್ ಲೆಕ್ಕ ಒಪ್ಪಿಸುತ್ತೆ. ನಾನೂ ಪ್ರತಿವರ್ಷ ಹಾಕ್ಕೋತಿದ್ದೆ. 2024ರದ್ದು ಮಾತ್ರ ಹಾಕಲಿಲ್ಲ. ಹಿಂದಿನ ವರ್ಷಕ್ಕಿಂತ ಎರಡರಷ್ಟು ನಿಮಿಷ ಹಾಡು ಕೇಳಿದ್ದೆ. ಕೆಲಸದಲ್ಲಿರೋರಿಗೆ ಅಷ್ಟು ಹೊತ್ತು ಎಲ್ಲಿ ಸಿಗುತ್ತೆ ಹೇಳಿ? ಫೋನನ್ನು ಮಗುಚಿಟ್ಟೆ.

ವರ್ಷ ಶುರುವಾಗಿದ್ದೇನೋ ಚೆನ್ನಾಗಿಯೇ. ಫೆಬ್ರವರಿ 4ರಂದು ಜಾಕಿರ್ ಹುಸೇನ್ ಒಂದೇ ರಾತ್ರಿ ಮೂರು ಗ್ರಾಮಿ ಗೆದ್ದರು. ಅದರಲ್ಲಿ ಒಂದು, ಶಂಕರ್ ಮಹಾದೇವನ್ ಕೂಡ ಇರುವ 'ಶಕ್ತಿ' ತಂಡದ ಆಲ್ಬಂಗೆ ಬಂದದ್ದು. ಆಫೀಸ್ ಕ್ಯಾಂಟೀನಿನಲ್ಲಿ ಕಾಫಿ ಕುಡೀತಾ ಒಂದೇ ಇಯರ್‌ಫೋನನ್ನು ಇಬ್ಬರು ಹಂಚಿಕೊಂಡು ಆ ಆಲ್ಬಂ ಕೇಳಿದ್ದು ಇನ್ನೂ ನೆನಪಿದೆ. ಅದೇ ತಿಂಗಳ 20ಕ್ಕೆ 'ಬಲಾಟ್ರೋ' ಅನ್ನೋ ಆಟ ಬಂತು. ಕೆನಡಾದಲ್ಲಿ ಹೆಸರು ಹೊರಗೆ ಹೇಳದ ಒಬ್ಬನೇ ವ್ಯಕ್ತಿ ಕೂತು ಮಾಡಿದ ಇಸ್ಪೀಟಿನ ಆಟ ಅದು. ಪೋಕರ್ ಕೈಗಳೇ ಮೂಲ. ಜೋಡಿ ಇಟ್ಟರೆ 10 ಚಿಪ್ಸ್, ಅದಕ್ಕೆ 2ರ ಗುಣಾಕಾರ. ಒಂದೇ ಬಣ್ಣದ ಐದು ಎಲೆ ಇಟ್ಟರೆ 35, ಅದಕ್ಕೆ 4. ಇಟ್ಟ ಎಲೆಗಳ ಬೆಲೆಯೂ ಅದಕ್ಕೆ ಸೇರುತ್ತೆ. ಇದರ ಮೇಲೆ 150 ಬಗೆಯ ಜೋಕರ್‌ಗಳು. ಒಂದೊಂದೂ ಲೆಕ್ಕವನ್ನೇ ತಲೆಕೆಳಗು ಮಾಡುತ್ತೆ. ಗೆಲ್ಲಬೇಕಾದರೆ ಎಂಟು ಮೆಟ್ಟಿಲು ಹತ್ತಬೇಕು. ಪ್ರತಿ ಮೆಟ್ಟಿಲಿನ ಕೊನೆಗೆ ಒಬ್ಬ 'ಬಾಸ್' ಕೂತಿರ್ತಾನೆ, ಅವನು ಬಂದರೆ ನಿಯಮವೇ ಬದಲು. ಒಬ್ಬ ಬಂದರೆ ಇಸ್ಪೀಟು ಬಣ್ಣದ ಎಲೆಗಳಿಗೆ ಬೆಲೆಯೇ ಇಲ್ಲ. ಇನ್ನೊಬ್ಬ ಬಂದರೆ ನಾಲ್ಕು ಕೈ ಆಡೋ ಜಾಗದಲ್ಲಿ ಒಂದೇ ಕೈ.

ನನ್ನ ಬಾಸ್ ಬಂದದ್ದು ಮಾರ್ಚ್ ಕೊನೆಯಲ್ಲಿ. ಹದಿನೈದು ನಿಮಿಷದ ವಿಡಿಯೊ ಕಾಲ್. ಕಂಪನಿ 'ಕಷ್ಟದ ನಿರ್ಧಾರ' ತಗೊಂಡಿದೆ ಅಂದರು. ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್ ಕೊಟ್ಟಾಗಿತ್ತು.

ಮೈಸೂರಿನ ಮನೆಗೆ ಹೇಳಲಿಲ್ಲ. ಇನ್ನೊಂದು ಕೆಲಸ ಸಿಕ್ಕಮೇಲೆ ಎರಡೂ ಸುದ್ದಿ ಒಟ್ಟಿಗೆ ಹೇಳಿದರಾಯ್ತು ಅಂದ್ಕೊಂಡೆ. ಒಂದು ವಾರದ ಸುಳ್ಳು ಒಂದು ತಿಂಗಳಾಯ್ತು, ಆಮೇಲೆ ಅದಕ್ಕೇ ಒಂದು ದಿನಚರಿ ಬಂತು. ಬೆಳಿಗ್ಗೆ ನಾಲ್ಕೈದು ಕಡೆ ಅರ್ಜಿ, ಆಮೇಲೆ ಹೆಡ್‌ಫೋನ್, ಆಮೇಲೆ ಬಲಾಟ್ರೋ. ಮಧ್ಯಾಹ್ನ ಒಂದಕ್ಕೆ ಅಮ್ಮನ ಫೋನ್, "ಊಟ ಆಯ್ತಾ?" "ಮೀಟಿಂಗಲ್ಲಿದೀನಿ ಅಮ್ಮ, ಆಮೇಲೆ ಮಾಡ್ತೀನಿ." ಪರದೆ ಮೇಲೆ ಎಂಟು ಎಲೆ ಕಾಯ್ತಾ ಇರ್ತಿದ್ದವು. ವರ್ಷದ ಕೊನೆಗೆ ನೋಡಿದರೆ ಆಟದ ಪಕ್ಕದಲ್ಲಿ 214 ಗಂಟೆ ಅಂತ ಬರೆದಿತ್ತು. ದಿನಕ್ಕೆ ಎಂಟು ಗಂಟೆ ಹಿಡಿದರೆ ಸುಮಾರು 27 ಆಫೀಸ್ ದಿನ!

ಆಟ ಕೆಟ್ಟದ್ದು ಅಂತ ಹೇಳ್ತಿಲ್ಲ. ಅಷ್ಟು ಚೆಂದದ ಆಟವನ್ನ ಈಚೆಗೆ ಆಡಿಲ್ಲ. ಸೋತರೆ ಮತ್ತೆ ಒಂದನೇ ಮೆಟ್ಟಿಲು, 300 ಚಿಪ್ಸ್ ಗುರಿ, ಎಲ್ಲ ಹೊಸದು. ಅರ್ಜಿಗಳಿಗೆ ಉತ್ತರವೇ ಬಾರದ ದಿನಗಳಲ್ಲಿ ಸೋಲನ್ನಾದರೂ ನೇರವಾಗಿ ಮುಖಕ್ಕೆ ಹೇಳ್ತಿತ್ತಲ್ಲ, ಅದೇ ಹಿತ ಅನ್ನಿಸ್ತಿತ್ತು.

ಜೂನ್ 11ಕ್ಕೆ ಮೈಸೂರಿನಲ್ಲಿ ಪಂಡಿತ್ ರಾಜೀವ ತಾರಾನಾಥ್ ತೀರಿಕೊಂಡರು. 91 ವರ್ಷ. ಆ ಶನಿವಾರ ನಾನು ಊರಿಗೆ ಹೋದಾಗ ಅಪ್ಪ ಬ್ಲೂಟೂತ್ ಸ್ಪೀಕರಿನಲ್ಲಿ ಅವರ ಸರೋದ್ ಹಾಕಿಕೊಂಡು ಜಗಲಿ ಮೇಲೆ ಕೂತಿದ್ದರು. ಆಲಾಪ ನಿಧಾನಕ್ಕೆ ಸಾಗ್ತಿತ್ತು. "ಇಂಗ್ಲಿಷ್ ಮೇಷ್ಟ್ರಾಗಿದ್ದೋರು ಕಣೋ. ಅದನ್ನೆಲ್ಲ ಬಿಟ್ಟು ಅಲಿ ಅಕ್ಬರ್ ಖಾನ್ ಹತ್ರ ಕಲಿಯೋಕೆ ಹೋದರು. 'ಸಂಸ್ಕಾರ' ಸಿನಿಮಾದ ಸಂಗೀತ ಇವರದ್ದೇ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಕೆಲಸ ಬಿಡೋದಕ್ಕೂ ಧೈರ್ಯ ಬೇಕು" ಅಂದರು. ನನ್ನ ಗಂಟಲು ಕಟ್ಟಿತು. ಅವರು ಬಿಟ್ಟು ಹೋದವರು, ನಾನು ಬಿಡಿಸಿಕೊಂಡವನು. ಆಗಲೇ ಹೇಳಬಹುದಿತ್ತು. "ಒಂದು ಕಾಲ್ ಇದೆ" ಅಂತ ಎದ್ದು ರೂಮಿಗೆ ಹೋದೆ. ಶನಿವಾರ ಎಂಥ ಕಾಲ್ ಅಂತ ಅಪ್ಪ ಕೇಳಲಿಲ್ಲ.

ಆಗಸ್ಟಿನಲ್ಲಿ ಇಡೀ ಕರ್ನಾಟಕ 'ದ್ವಾಪರ' ಹಾಡಿನಲ್ಲಿ ಮುಳುಗಿತ್ತು. ಗಣೇಶ್ ನಟಿಸಿದ 'ಕೃಷ್ಣಂ ಪ್ರಣಯ ಸಖಿ' ಸ್ವಾತಂತ್ರ್ಯ ದಿನದಂದು ಬಿಡುಗಡೆಯಾಯ್ತು. ಅರ್ಜುನ್ ಜನ್ಯ ಸಂಗೀತ, ಹಾಡಿದ್ದು ಪಂಜಾಬಿ ಹುಡುಗ ಜಸ್ಕರಣ್ ಸಿಂಗ್. ಆಟೋದಲ್ಲಿ, ಜಿಮ್ಮಿನಲ್ಲಿ, ಗಣೇಶನ ಪೆಂಡಾಲಿನಲ್ಲಿ ಅದೇ. ಅಮ್ಮನ ರಿಂಗ್‌ಟೋನೂ ಅದೇ. ಅಷ್ಟು ಖುಷಿಯ ಹಾಡು ಕೇಳಿದಾಗೆಲ್ಲ ನನಗೆ ಒಂದು ಗಂಟೆಯ ಸುಳ್ಳು ನೆನಪಾಗ್ತಿತ್ತು. ಪಾಪ, ಹಾಡಿನ ತಪ್ಪೇನೂ ಇಲ್ಲ.

ಸೆಪ್ಟೆಂಬರ್ 26ಕ್ಕೆ ಬಲಾಟ್ರೋ ಫೋನಿಗೂ ಬಂತು. ಅಲ್ಲಿಗೆ ನನ್ನ ಕಥೆ ಮುಗೀತು. ದಸರಾಕ್ಕೆ ಊರಲ್ಲಿದ್ದೆ. ಯುವ ದಸರಾದಲ್ಲಿ ರೆಹಮಾನ್, ಮರುದಿನ ಇಳಯರಾಜ. ಊರಿಗೆ ಊರೇ ಉತ್ತನಹಳ್ಳಿ ಕಡೆ ಮುಖ ಮಾಡಿತ್ತು. ನಾನು ಸೋಫಾ ಮೇಲೆ ಬಿದ್ದುಕೊಂಡು ಎಲೆ ಎತ್ತಿಡ್ತಿದ್ದೆ. ಹಿಂದಿನಿಂದ ಅಮ್ಮ ನೋಡಿದರು. ರಾಜ, ರಾಣಿ, ಚಿಪ್ಸ್, ಡಾಲರ್ ಗುರುತು.

"ಇಸ್ಪೀಟಾ?"

ಧ್ವನಿ ನಡುಗ್ತಿತ್ತು. "ಜೂನಿಂದ ದುಡ್ಡು ಕಳಿಸಿಲ್ಲ ನೀನು. ಎಷ್ಟು ಕಳ್ಕೊಂಡಿದೀಯ? ಸಾಲ ಮಾಡಿದೀಯಾ? ನಿಜ ಹೇಳು."

ಇದರಲ್ಲಿ ದುಡ್ಡಿಲ್ಲ ಅಮ್ಮ, ಒಂದು ಸಲ ಕೊಂಡರೆ ಮುಗೀತು, ಪಣ ಕಟ್ಟೋದೇ ಇಲ್ಲ ಅಂತ ವಿವರಿಸಿದೆ. ನಂಬಲಿಲ್ಲ. ನಂಬೋದಾದರೂ ಹೇಗೆ? ಯುರೋಪಿನ ರೇಟಿಂಗ್ ಸಂಸ್ಥೆಯೇ ಇದನ್ನ ಜೂಜಿನ ಹಾಗಿದೆ ಅಂತ 18 ವರ್ಷ ಮೇಲ್ಪಟ್ಟವರ ಪಟ್ಟಿಗೆ ಹಾಕಿತ್ತು. ಅವರಿಗೇ ಬಂದ ಅನುಮಾನ ಅಮ್ಮನಿಗೆ ಬರದೇ ಇರುತ್ತಾ? ಕೊನೆಗೆ ಬೇರೆ ದಾರಿ ಇಲ್ಲದೆ ಹೇಳಿದೆ. "ದುಡ್ಡು ಕಳ್ಕೊಂಡಿಲ್ಲ. ಕೆಲಸ ಕಳ್ಕೊಂಡೆ. ಮಾರ್ಚಲ್ಲೇ."

ಅಮ್ಮ ಸೋಫಾ ಮೇಲೆ ಕುಸಿದು ಕೂತರು. "ಅಷ್ಟೇನಾ?" ಅಂದರು. ಆಮೇಲೆ ಅತ್ತರು. ಕೆಲಸ ಹೋಗಿದ್ದಕ್ಕಲ್ಲ. "ಆರು ತಿಂಗಳು ಊಟ ಮಾಡಿದ್ಯೋ ಇಲ್ವೋ ಅಂತ ದಿನಾ ಕೇಳಿದೀನಿ, ಒಂದಿನಾನೂ ನಿಜ ಹೇಳಲಿಲ್ವಲ್ಲ" ಅಂತ. ಆ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಅಪ್ಪನಿಗೆ ಜೂನಿನಲ್ಲೇ ಗೊತ್ತಾಗಿತ್ತಂತೆ. "ನೀನೇ ಹೇಳ್ತೀಯ ಅಂತ ಕಾಯ್ತಿದ್ದೆ" ಅಂದು ಪಕ್ಕ ಕೂತು ಫೋನ್ ಕಿತ್ತುಕೊಂಡರು. ಕ್ಲಬ್ಬಿನಲ್ಲಿ ರಮ್ಮಿ ಆಡಿ ಪಳಗಿದ ಕೈ. "ಜೋಕರ್ ಯಾಕೋ ಕೈಲಿಲ್ಲ? ಅದು ಯಾವ ಎಲೆ ಬೇಕಾದ್ರೂ ಆಗಬೇಕು ತಾನೇ?" "ಇಲ್ಲಪ್ಪ, ಇಲ್ಲಿ ಜೋಕರ್ ಹೊರಗೇ ನಿಂತಿರುತ್ತೆ. ಎಲೆ ನೀವೇ ಆಡಬೇಕು, ಅದು ಪಕ್ಕದಲ್ಲಿ ನಿಂತು ಅದರ ಬೆಲೆ ಹೆಚ್ಚಿಸುತ್ತೆ." "ಓ, ಹಂಗೆ" ಅಂದರು. ಆವತ್ತು ಎರಡನೇ ಮೆಟ್ಟಿಲಲ್ಲೇ ಸೋತರು. ಹಿನ್ನೆಲೆಯಲ್ಲಿ ಸರೋದ್ ಹಾಕಿದ್ದರು, ಸ್ಪೀಕರಿನಲ್ಲಿ. ಆರು ತಿಂಗಳಲ್ಲಿ ನಾನು ಹೆಡ್‌ಫೋನ್ ಇಲ್ಲದೆ ಸಂಗೀತ ಕೇಳಿದ್ದು ಆವತ್ತೇ ಮೊದಲು.

ನವೆಂಬರಿನಲ್ಲಿ ಕೆಲಸ ಸಿಕ್ಕಿತು. ಸಂಬಳ ಸ್ವಲ್ಪ ಕಡಿಮೆ. ಡಿಸೆಂಬರ್ 13ರ ಬೆಳಿಗ್ಗೆ ಲಾಸ್ ಏಂಜಲೀಸ್‌ನಿಂದ ಗೇಮ್ ಅವಾರ್ಡ್ಸ್ ಸುದ್ದಿ ಬಂತು. ವರ್ಷದ ಆಟ 'ಆ್ಯಸ್ಟ್ರೋ ಬಾಟ್'. ಬಲಾಟ್ರೋಗೆ ಅತ್ಯುತ್ತಮ ಇಂಡಿ, ಅತ್ಯುತ್ತಮ ಚೊಚ್ಚಲ ಇಂಡಿ ಮತ್ತು ಅತ್ಯುತ್ತಮ ಮೊಬೈಲ್ ಆಟ, ಮೂರು ಪ್ರಶಸ್ತಿ. ಅಪ್ಪನಿಗೆ ಹೇಳಿದರೆ ತಾವೇ ಗೆದ್ದಷ್ಟು ಖುಷಿ. ಅದರ ಬೆನ್ನಿಗೇ ಭಾನುವಾರ ರಾತ್ರಿ ಜಾಕಿರ್ ಹುಸೇನ್ ಸುದ್ದಿ ಹಬ್ಬಿತು, ಸೋಮವಾರ ಖಚಿತವಾಯ್ತು. 73 ವರ್ಷ. ಮೂರು ಗ್ರಾಮಿಯಿಂದ ಶುರುವಾದ ವರ್ಷ ಹೀಗೆ ಮುಗೀತು. ಕ್ಯಾಂಟೀನಿನಲ್ಲಿ ಇಯರ್‌ಫೋನ್ ಹಂಚಿಕೊಂಡಿದ್ದ ಗೆಳೆಯನಿಗೆ ಒಂಬತ್ತು ತಿಂಗಳ ಮೇಲೆ ಫೋನ್ ಮಾಡಿದೆ. ಅವನ ಕೆಲಸವೂ ನನ್ನದರ ಜೊತೆಗೇ ಹೋಗಿತ್ತಂತೆ. ಅವನೂ ಮನೇಲಿ ಹೇಳಿರಲಿಲ್ಲವಂತೆ.

ಅದಕ್ಕೇ ಈಗ ಇದನ್ನ ಬರೀತಿದೀನಿ. ನಿಮ್ಮಲ್ಲೂ ಯಾರಾದರೂ ಹೆಡ್‌ಫೋನ್ ಹಾಕ್ಕೊಂಡು ಮೀಟಿಂಗ್ ಅಂತ ಹೇಳ್ತಿದ್ದರೆ, ಮನೆಯವರು ನಾವು ಅಂದುಕೊಂಡದ್ದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಂಡಿರ್ತಾರೆ. ನಿಜ ಅದಕ್ಕಿಂತ ಚಿಕ್ಕದಿರುತ್ತೆ.

ಅಪ್ಪ ಈಗ ಐದನೇ ಮೆಟ್ಟಿಲಲ್ಲಿ ಸಿಕ್ಕಿಕೊಂಡಿದ್ದಾರೆ. ಅಮ್ಮನ ರಿಂಗ್‌ಟೋನ್ ಇನ್ನೂ 'ದ್ವಾಪರ'ವೇ. ಮಧ್ಯಾಹ್ನ ಒಂದಕ್ಕೆ ಈಗಲೂ ಫೋನ್ ಬರುತ್ತೆ. "ಇಲ್ಲಮ್ಮ, ಮೀಟಿಂಗಲ್ಲಿದೀನಿ" ಅಂತೀನಿ. "ನಿಜವಾಗ್ಲೂ?" ಅಂತ ಕೇಳ್ತಾರೆ. ಕೇಳಲಿ.