‘ರಿಪೋರ್ಟ್ ನಾರ್ಮಲ್’ ಅನ್ನೋದು ಉತ್ತರ ಅಲ್ಲ

ನಿಮಗೆ ಮೂವತ್ತರ ಆಸುಪಾಸು ವಯಸ್ಸು. ಡಯಾಬಿಟಿಸ್ ಇಲ್ಲ, ಯಾವ ಮಾತ್ರೆಯೂ ತಗೊಳ್ತಿಲ್ಲ, ತೂಕ ಸರಿಯಾಗಿದೆ. ಆದರೂ ಆಗಾಗ, ಊಟವಾಗಿ ಮೂರು ಗಂಟೆ ಕಳೆದ ಮೇಲೋ ಬೆಳಗಿನ ಓಟ ಮುಗಿಸಿ ಬಂದಾಗಲೋ ಕೈ ನಡುಗುತ್ತೆ, ತಣ್ಣನೆ ಬೆವರು ಬರುತ್ತೆ, ಎದುರಿಗಿರುವವರ ಮಾತು ಕಿವಿಗೆ ಬಿದ್ದರೂ ತಲೆಗೆ ಹತ್ತೋದಿಲ್ಲ. ಏನಾದರೂ ಸಿಹಿ ತಿಂದರೆ ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ. ಡಾಕ್ಟರ್ ಹತ್ತಿರ ಹೋದರೆ ಖಾಲಿ ಹೊಟ್ಟೆಯ ಸಕ್ಕರೆ ನಾರ್ಮಲ್, ಎಚ್‌ಬಿಎ1ಸಿ ನಾರ್ಮಲ್, ಥೈರಾಯ್ಡ್ ನಾರ್ಮಲ್. ‘ಸ್ಟ್ರೆಸ್ ಕಡಿಮೆ ಮಾಡ್ಕೊಳ್ಳಿ’ ಅನ್ನೋ ಮಾತಿನೊಂದಿಗೆ ಹದಿನೈದು ನಿಮಿಷದ ಅಪಾಯಿಂಟ್‌ಮೆಂಟ್ ಮುಗಿಯುತ್ತೆ.

ನನ್ನ ಜಗಳ ಇಬ್ಬರ ಜೊತೆ: ಹೀಗೆ ಹೇಳಿ ಕಳಿಸೋ ಡಾಕ್ಟರ್ ಒಬ್ಬರು, ಆ ಬಾಗಿಲ ಹೊರಗೆ ನಿಮಗಾಗಿ ಕಾಯ್ತಾ ನಿಂತಿರೋ ಸೆನ್ಸರ್ ವ್ಯಾಪಾರಿ ಇನ್ನೊಬ್ಬ.

ಮೊದಲು ಡಾಕ್ಟರ್ ವಿಷಯ. ಎಚ್‌ಬಿಎ1ಸಿ ಅಂದರೆ ಹೆಚ್ಚುಕಡಿಮೆ ಮೂರು ತಿಂಗಳ ಸರಾಸರಿ. ಅರ್ಧ ಗಂಟೆ ಸಕ್ಕರೆ ಕುಸಿದು ಮೇಲೆದ್ದರೆ ಆ ಸರಾಸರಿಗೆ ಅದು ಗೊತ್ತೇ ಆಗೋದಿಲ್ಲ. ಖಾಲಿ ಹೊಟ್ಟೆಯ ಪರೀಕ್ಷೆಗೆ ರಕ್ತ ಕೊಟ್ಟದ್ದು ಯಾವಾಗ? ನೀವು ಚೆನ್ನಾಗಿದ್ದಾಗ, ಬೆಳಿಗ್ಗೆ ಎಂಟಕ್ಕೆ. ಕಳ್ಳ ಬರೋದು ಮಧ್ಯಾಹ್ನ, ಪಹರೆ ಬೆಳಿಗ್ಗೆ. ಆಮೇಲೆ ‘ನಿಮ್ಮ ಬೀದಿಯಲ್ಲಿ ಕಳ್ಳರಿಲ್ಲ’ ಅಂತ ಸರ್ಟಿಫಿಕೇಟ್. ಡೇಟಾ ಜೊತೆ ಕೆಲಸ ಮಾಡೋ ನನ್ನಂಥವರು ಇಂಥ ಸ್ಯಾಂಪಲ್ ಇಟ್ಟುಕೊಂಡು ತೀರ್ಮಾನ ಕೊಟ್ಟರೆ ಮೀಟಿಂಗ್‌ನಲ್ಲಿ ಮರ್ಯಾದೆ ಹೋಗುತ್ತೆ.

ಹಾಗಂತ ಇದು ವೈದ್ಯಶಾಸ್ತ್ರಕ್ಕೆ ಗೊತ್ತಿಲ್ಲದ ಸಂಗತಿಯೇ? ಖಂಡಿತ ಅಲ್ಲ. ಅಲೆನ್ ವಿಪಲ್ ಅನ್ನೋ ಅಮೆರಿಕನ್ ಸರ್ಜನ್ 1930ರ ದಶಕದಲ್ಲೇ ಮೂರು ಷರತ್ತು ಹಾಕಿಕೊಟ್ಟಿದ್ದಾರೆ. ಒಂದು, ಸಕ್ಕರೆ ಇಳಿದಾಗ ಆಗುವಂಥ ಲಕ್ಷಣ ಇರಬೇಕು. ಎರಡು, ಆ ಲಕ್ಷಣ ಇರುವ ಹೊತ್ತಿನಲ್ಲೇ ಅಳೆದ ಸಕ್ಕರೆ ಕಡಿಮೆ ಇರಬೇಕು. ಮೂರು, ಸಕ್ಕರೆ ಏರಿಸಿದಾಗ ಲಕ್ಷಣ ಹೋಗಬೇಕು. ಎಂಡೋಕ್ರೈನ್ ಸೊಸೈಟಿಯ 2009ರ ಮಾರ್ಗಸೂಚಿ ಇವತ್ತಿಗೂ ಇದರ ಮೇಲೇ ನಿಂತಿದೆ. ಡಯಾಬಿಟಿಸ್ ಇಲ್ಲದವರಿಗೆ ಅದು ಗೆರೆ ಎಳೆಯೋದು 55 ಮಿಲಿಗ್ರಾಂಗಿಂತ ಕೆಳಗೆ. ಇಂಟರ್ನೆಟ್ಟಿನಲ್ಲಿ ಕಾಣೋ 70 ಡಯಾಬಿಟಿಸ್ ಇರುವವರಿಗೆ ಕೊಡೋ ಎಚ್ಚರಿಕೆಯ ಗೆರೆ, ನಿಮ್ಮದಲ್ಲ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರುವವರು 55 ಅನ್ನು 18ರಿಂದ ಭಾಗಿಸಿ: ಸುಮಾರು 3.0 ಮಿಲಿಮೋಲ್. ಅಲ್ಲಿಯ 4.5 ಅನ್ನೋ ರಿಪೋರ್ಟ್ ನೋಡಿ ಬೆಂಗಳೂರಿನಲ್ಲಿ ಅಮ್ಮ ಗಾಬರಿಯಾದರೆ ಈ ಒಂದು ಭಾಗಾಕಾರ ಹೇಳಿಬಿಡಿ.

ಎರಡನೇ ಷರತ್ತು ಪರೀಕ್ಷಿಸದೆ ‘ಎಲ್ಲ ನಾರ್ಮಲ್’ ಅಂದರೆ ಅದು ಅರ್ಧ ಪರೀಕ್ಷೆ. ‘ಇಂಥವರಲ್ಲಿ ಹೆಚ್ಚಿನವರಿಗೆ ಗಂಭೀರವಾದದ್ದು ಏನೂ ಇರೋದಿಲ್ಲ, ಎಲ್ಲರನ್ನೂ ತಪಾಸಣೆ ಮಾಡಿದರೆ ವ್ಯವಸ್ಥೆ ತಡೆದೀತೇ?’ ಅಂತ ನೀವು ಕೇಳಬಹುದು. ಮೊದಲ ಮಾತು ನಿಜ. ಮೇದೋಜೀರಕ ಗ್ರಂಥಿಯಲ್ಲಿ ಬೆಳೆದು ಬೇಕಾಬಿಟ್ಟಿ ಇನ್ಸುಲಿನ್ ಸುರಿಸೋ ಗೆಡ್ಡೆ, ಇನ್ಸುಲಿನೋಮಾ, ಸಿಗೋದು ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಂದರಿಂದ ನಾಲ್ಕು ಜನಕ್ಕೆ. ಆದರೆ ಆ ಕೆಲವರ ಕಥೆ ಕೇಳಿ: ವರ್ಷಗಟ್ಟಲೆ ಮೂರ್ಛೆರೋಗ ಅಂತಲೋ ಮಾನಸಿಕ ಕಾಯಿಲೆ ಅಂತಲೋ ತಪ್ಪು ಔಷಧ ತಿಂದವರಿದ್ದಾರೆ. ಗೆಡ್ಡೆ ಮಾತ್ರ ಬಹಳಷ್ಟು ಸಲ ಆಪರೇಷನ್‌ನಲ್ಲಿ ವಾಸಿಯಾಗುವಂಥದ್ದು. ಅಡ್ರಿನಲ್ ಗ್ರಂಥಿ ಸೋತಿರುವುದು, ಹೊಟ್ಟೆಯ ಬೈಪಾಸ್ ಸರ್ಜರಿ, ಏನೂ ತಿನ್ನದೆ ಕುಡಿದ ಮದ್ಯ, ಕೆಲವು ಆಂಟಿಬಯಾಟಿಕ್‌ಗಳು ಕೂಡ ಸಕ್ಕರೆ ಇಳಿಸಬಲ್ಲವು. ನಾನು ಎಲ್ಲರಿಗೂ ಸ್ಕ್ಯಾನ್ ಮಾಡಿ ಅಂತಿಲ್ಲ. ಸರಿಯಾದ ಹೊತ್ತಿನಲ್ಲಿ ಒಂದು ಟ್ಯೂಬ್ ರಕ್ತ ತಗೊಳ್ಳಿ ಅಂತಿದ್ದೀನಿ. ಒಂದೇ ಕಂಪ್ಲೇಂಟ್ ಹಿಡಿದು ಮೂರು ಸಲ ಕ್ಲಿನಿಕ್ ಹತ್ತಿಳಿಯೋದಕ್ಕಿಂತ ಅದು ಅಗ್ಗ.

ಈಗ ಎರಡನೆಯವನು. ಡಾಕ್ಟರ್ ಕೈಬಿಟ್ಟ ಮೇಲೆ ನಿಮ್ಮ ಫೋನ್ ನಿಮ್ಮನ್ನ ಎತ್ತಿಕೊಳ್ಳುತ್ತೆ. ತೋಳಿಗೆ ಅಂಟಿಸಿಕೊಳ್ಳೋ ಗ್ಲೂಕೋಸ್ ಸೆನ್ಸರ್, ಪ್ರಿಸ್ಕ್ರಿಪ್ಷನ್ ಬೇಡ. ಅಮೆರಿಕದ ಎಫ್‌ಡಿಎ 2024ರ ಮಾರ್ಚ್‌ನಲ್ಲಿ ಡೆಕ್ಸ್‌ಕಾಮ್ ಸ್ಟೆಲೋಗೆ ಹಾಗೆ ಮಾರಲು ಮೊದಲ ಅನುಮತಿ ಕೊಟ್ಟಾಗ ಒಂದು ಮಾತು ಸ್ಪಷ್ಟವಾಗಿ ಹೇಳಿತ್ತು: ಸಕ್ಕರೆ ಇಳಿದು ತೊಂದರೆ ಪಡುವವರಿಗೆ ಇದು ಅಲ್ಲ, ಅಂಥ ಅಪಾಯವನ್ನು ಎಚ್ಚರಿಸೋಕೆ ಇದನ್ನು ಮಾಡಿಲ್ಲ. ಅಂದರೆ ಸಕ್ಕರೆ ಇಳಿಯುತ್ತೆ ಅನ್ನೋ ಭಯದಿಂದಲೇ ಕೊಳ್ಳಹೊರಟ ನಿಮಗೆ ಆ ವಸ್ತು ಉದ್ದೇಶಿಸಿದ್ದೇ ಅಲ್ಲ. ಜಾಹೀರಾತಿನ ವಿಡಿಯೋಗಳಲ್ಲಿ ಈ ಮಾತನ್ನ ದೊಡ್ಡಕ್ಷರದಲ್ಲಿ ಹುಡುಕಿ ನೋಡಿ.

ಇನ್ನು ಲೆಕ್ಕ. ಸೆನ್ಸರ್ ಅಳೆಯೋದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನ. ಅದು ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರುತ್ತೆ. ರಾತ್ರಿ ಆ ತೋಳಿನ ಮೇಲೆ ಮಲಗಿದರೆ ಒತ್ತಡಕ್ಕೇ ಸಂಖ್ಯೆ ಸುಳ್ಳಾಗಿ ಕುಸಿಯುತ್ತೆ. ಐದು ನಿಮಿಷಕ್ಕೊಂದು ಅಂದರೆ ದಿನಕ್ಕೆ 288 ಅಳತೆ, ಎರಡು ವಾರಕ್ಕೆ 4,032. ಅದರಲ್ಲಿ ನೂರಕ್ಕೆ ಒಂದೇ ಒಂದು ತಪ್ಪು ಅಂತಿಟ್ಟುಕೊಂಡರೂ ನಲವತ್ತು ಸುಳ್ಳು ಎಚ್ಚರಿಕೆ. ಅಷ್ಟು ಅಪರೂಪದ ಕಾಯಿಲೆಗೆ ಅಷ್ಟು ಸುಳ್ಳು ಗಂಟೆ! ಪೂರ್ತಿ ಆರೋಗ್ಯವಂತರ ಸಕ್ಕರೆಯೂ ಆಗಾಗ 70ರ ಕೆಳಗೆ ಹೋಗಿ ಬರುತ್ತೆ. ಗೆರೆ ಕೆಂಪಾದಾಗೆಲ್ಲ ಜ್ಯೂಸ್ ಕುಡಿದರೆ ನಿಮಗೆ ಬರೋದು ತೂಕ, ಜೊತೆಗೆ ಹೊಸ ಭಯ.

ಮನೆಯ ಗ್ಲೂಕೋಮೀಟರ್ ಕೂಡ ದೇವರಲ್ಲ. ಅಂತರರಾಷ್ಟ್ರೀಯ ಮಾನದಂಡವೇ ಈ ಕೆಳಮಟ್ಟದಲ್ಲಿ 15 ಮಿಲಿಗ್ರಾಂ ಆಚೀಚೆ ಆಗೋದನ್ನ ಒಪ್ಪುತ್ತೆ. ಅದು 58 ತೋರಿಸಿದರೆ ನಿಜ 73 ಇರಬಹುದು, 43 ಕೂಡ. ಹಾಗಾಗಿ ಮೀಟರ್ ದಾರಿ ತೋರಿಸಲಿ, ತೀರ್ಪು ಲ್ಯಾಬ್ ಕೊಡಲಿ. ಲ್ಯಾಬ್‌ಗೂ ಒಂದು ಎಚ್ಚರಿಕೆ: ಬೇರ್ಪಡಿಸದೆ ಇಟ್ಟ ರಕ್ತದಲ್ಲಿ ಕಣಗಳೇ ಸಕ್ಕರೆ ತಿಂದು ಗಂಟೆಗೆ ಶೇಕಡಾ 5ರಿಂದ 7ರಷ್ಟು ಇಳಿಸುತ್ತವೆ. ಟ್ಯೂಬ್ ಮೂಲೆಯಲ್ಲಿ ಕೂತಿತ್ತಾ ಅಂತ ಕೇಳೋದು ಅಧಿಕಪ್ರಸಂಗ ಅಲ್ಲ.

ಹಾಗಾದರೆ ಡಾಕ್ಟರ್ ಮುಂದೆ ಏನು ಕೇಳಬೇಕು? ಮುಂದಿನ ಸಲ ಲಕ್ಷಣ ಬಂದಾಗ ನೇರ ಲ್ಯಾಬ್‌ಗೆ ಹೋಗಿ ರಕ್ತ ಕೊಡಲು ಮೊದಲೇ ಬರೆದಿಟ್ಟ ಆದೇಶ ಕೇಳಿ. ಖಾಲಿ ಹೊಟ್ಟೆಯಲ್ಲಿ ಬರೋದಾದರೆ ಆಸ್ಪತ್ರೆಯ ನಿಗಾದಲ್ಲಿ 72 ಗಂಟೆವರೆಗಿನ ಉಪವಾಸ ಪರೀಕ್ಷೆ ಇದೆ. ಇದು ಏಕಾದಶಿ ಅಲ್ಲ, ಮನೆಯಲ್ಲಿ ಮಾಡಬೇಡಿ. ಊಟದ ಮೇಲೆ ಬರೋದಾದರೆ ಮಿಶ್ರ ಊಟದ ಪರೀಕ್ಷೆ ಕೇಳಿ. ಗ್ಲೂಕೋಸ್ ನೀರು ಕುಡಿಸಿ ಗಂಟೆಗಟ್ಟಲೆ ಕೂರಿಸೋ ಪರೀಕ್ಷೆ ಇದಕ್ಕೆ ಸಲ್ಲ, ಆರೋಗ್ಯವಂತರಲ್ಲೂ ಅದು ಸಕ್ಕರೆ ಕೆಡವುತ್ತೆ. 55ರ ಕೆಳಗೆ ಸಿಕ್ಕಿಬಿದ್ದರೆ ಅದೇ ರಕ್ತದಲ್ಲಿ ಇನ್ಸುಲಿನ್, ಸಿ-ಪೆಪ್ಟೈಡ್, ಪ್ರೊಇನ್ಸುಲಿನ್, ಕೀಟೋನ್, ಡಯಾಬಿಟಿಸ್ ಮಾತ್ರೆಯ ಕುರುಹು ಎಲ್ಲ ನೋಡಬೇಕು. ಆದರೆ ಡ್ರೈವ್ ಮಾಡ್ತಿದ್ದರೆ, ಮಂಕು ಕವಿದಿದ್ದರೆ ಪರೀಕ್ಷೆ ಪಕ್ಕಕ್ಕಿಡಿ. ಗಾಡಿ ನಿಲ್ಲಿಸಿ, ಮೊದಲು ಸಕ್ಕರೆ ತಿನ್ನಿ. ಪ್ರಜ್ಞೆ ತಪ್ಪಿದ್ದರೆ, ಫಿಟ್ಸ್ ಬಂದಿದ್ದರೆ, ಬೆಳಗಿನ ತಿಂಡಿಗೆ ಮೊದಲೇ ಹೀಗೆ ಆಗ್ತಿದ್ದರೆ ವಾರಗಟ್ಟಲೆ ಕಾಯಬೇಡಿ.

ಒಂದು ಮಾತಿಗೆ ನೀವೂ ಸಿದ್ಧರಿರಬೇಕು. ಲಕ್ಷಣ ಜೋರಾಗಿದ್ದಾಗಲೇ ಅಳೆದ ಸಕ್ಕರೆ 85 ಬಂದರೆ ಸಕ್ಕರೆ ತಪ್ಪಿತಸ್ಥ ಅಲ್ಲ. ತಿಂದಾಗ ಸರಿಹೋಯ್ತು ಅನ್ನೋದೊಂದೇ ಸಾಕ್ಷಿಯಾಗೋದಿಲ್ಲ; ಕೂತು, ಸುಧಾರಿಸಿಕೊಂಡು, ಹೊಟ್ಟೆಗೆ ಹಾಕಿಕೊಂಡರೆ ಬಹಳಷ್ಟು ನಡುಕ ನಿಲ್ಲುತ್ತೆ. ‘ಲೋ ಶುಗರ್’ ಅನ್ನೋ ಹಣೆಪಟ್ಟಿ ಅಮೆರಿಕದಲ್ಲಿ ಎಷ್ಟು ಫ್ಯಾಷನ್ ಆಗಿತ್ತೆಂದರೆ, 1973ರಲ್ಲಿ ಅಲ್ಲಿಯ ವೈದ್ಯಕೀಯ ಸಂಘಗಳೇ ಅದರ ವಿರುದ್ಧ ಹೇಳಿಕೆ ಕೊಡಬೇಕಾಯ್ತು. ಆಗ ಹುಡುಕಾಟ ಹೃದಯದ ಬಡಿತದ ಕಡೆಗೋ, ರಕ್ತದೊತ್ತಡದ ಕಡೆಗೋ, ಹೌದು, ಆತಂಕದ ಕಡೆಗೋ ತಿರುಗಲಿ. ಆತಂಕ ಅನ್ನೋದು ಅಳತೆ ಮಾಡಿದ ಮೇಲೆ ಬಂದ ತೀರ್ಮಾನವಾದರೆ ನಾನು ತಲೆಬಾಗ್ತೀನಿ. ಅಳೆಯೋ ಮೊದಲೇ ಹೇಳಿದರೆ ಅದು ನಿಮ್ಮನ್ನ ಸಾಗಹಾಕೋ ಮಾತು. ಮುಂದಿನ ಅಪಾಯಿಂಟ್‌ಮೆಂಟ್‌ನಲ್ಲಿ ‘ನಾರ್ಮಲ್’ ಅನ್ನೋ ಪದ ಕೇಳಿದ ತಕ್ಷಣ ಒಂದೇ ಪ್ರಶ್ನೆ ಹಾಕಿ: ಯಾವ ಹೊತ್ತಿನಲ್ಲಿ ಅಳೆದದ್ದು?