ಮಾತೂ ಒಂದು ದಾಸೋಹ

ಕಾವೇರಿ ತಿರುಗಿ ಹರಿಯುವ ಎಡೆ ಮುಡುಕುತೊರೆ. ದಂಡೆಯ ಸೋಮಗಿರಿಯ ಮೇಲೆ ಭ್ರಮರಾಂಬಾ ಸಮೇತನಾಗಿ ಮಲ್ಲಿಕಾರ್ಜುನ ನೆಲೆಸಿದ್ದಾನೆ. ತಲಕಾಡಿನ ಪಂಚಲಿಂಗಗಳಲ್ಲಿ ಈತನೂ ಒಬ್ಬ. ವರ್ಷಕ್ಕೊಮ್ಮೆ ಇಲ್ಲಿ ನಡೆಯುವುದು ಬರೀ ತೇರಲ್ಲ, ಹೆಸರಾಂತ ದನಗಳ ಜಾತ್ರೆ. ಹಿಂದೆ ಎತ್ತು ಹಿಡಿದು ಬಂದ ಹಿರಿಯರು ಬಯಲಿನಲ್ಲೇ ಬೀಡುಬಿಡುತ್ತಿದ್ದರು. ಹಲ್ಲು ನೋಡಿ ಬೆಲೆ ಕಟ್ಟುತ್ತಿದ್ದರು, ಹೆಣ್ಣು ಗಂಡಿನ ಮಾತು ತೆಗೆಯುತ್ತಿದ್ದರು, ಕಷ್ಟಸುಖ ಹೇಳಿಕೊಂಡು ಮನಸ್ಸಿನ ಭಾರ ಇಳಿಸಿ ಊರಿಗೆ ಹಿಂತಿರುಗುತ್ತಿದ್ದರು. ಇಂದು ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಎಷ್ಟೋ ಮನೆಗಳ ಕೊಟ್ಟಿಗೆ ಬರಿದಾಗಿದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಹುಲ್ಲು ಹಾಕಬೇಕಾದ ಎತ್ತೇ ಇಲ್ಲದಿದ್ದರೆ ಮುದಿಜೀವಕ್ಕೆ ಏಳುವ ಹುಮ್ಮಸ್ಸಾದರೂ ಎಲ್ಲಿಂದ ಬರಬೇಕು?

ಈ ಭಾಗದ ಒಂದು ಊರಿನಲ್ಲಿ ಪಾದಪೂಜೆಗೆ ಹೋದಾಗ ಹಿರಿಯರೊಬ್ಬರು ಜಗುಲಿಯ ಮೂಲೆಯಲ್ಲಿ ಕುಳಿತಿದ್ದರು. ಮಗ ಬೆಂಗಳೂರಿನಲ್ಲಿದ್ದಾನೆ, ಹೊಟ್ಟೆಬಟ್ಟೆಗೆ ಕೊರತೆಯಿಲ್ಲ. ಆರೋಗ್ಯ ಹೇಗಿದೆ ಎಂದು ಕೇಳಿದೆವು. "ಬುದ್ಧಿ, ದುಡ್ಡು ತಿಂಗ್ಳು ತಿಂಗ್ಳು ಬತ್ತದೆ. ಮಾತಾಡ್ಸಕ್ಕೆ ಯಾರೂ ಬರಾಕಿಲ್ಲ" ಎಂದರು. ಪಕ್ಕದಲ್ಲಿ ರಕ್ತದೊತ್ತಡದ ಮಾತ್ರೆ ಇತ್ತು. ನುಂಗಿದಿರಾ ಎಂದು ಕೇಳುವವರು ಮನೆಯಲ್ಲಿ ಇರಲಿಲ್ಲ.

ಶರಣ ಬಂಧುಗಳೇ, ಏಕಾಂತ ಬೇರೆ, ಒಂಟಿತನ ಬೇರೆ. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಿಸಿ ಕುಳಿತವನದು ಏಕಾಂತ, ಅದು ತಾನೇ ಬಯಸಿ ಪಡೆದದ್ದು. ಯಾರಿಗೂ ನಾನು ಬೇಡವಾದೆ ಎಂದು ಕೊರಗುವವನದು ಒಂಟಿತನ, ಅದು ನಾವು ಅವನ ಮೇಲೆ ಹೊರಿಸಿದ್ದು. ಏಕಾಂತ ಮನಸ್ಸನ್ನು ಅರಳಿಸುತ್ತದೆ. ಒಂಟಿತನ ಮೊದಲು ನಿದ್ರೆಯನ್ನು ಕೆಡಿಸುತ್ತದೆ, ಆಮೇಲೆ ಹಸಿವನ್ನು. ಒಬ್ಬರಿಗಾಗಿ ಒಲೆ ಹಚ್ಚುವುದೇಕೆಂದು ಎಷ್ಟು ತಾಯಂದಿರು ತಂಗಳು ಉಂಡು ಮಲಗುತ್ತಿಲ್ಲ!

ಇದು ಮಠದವರ ಮಾತು ಮಾತ್ರವಲ್ಲ, ವೈದ್ಯರ ಮಾತೂ ಹೌದು. ನಮ್ಮ ನೆರೆಯ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾ. ವಿವೇಕ್ ಮೂರ್ತಿಯವರು ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರಲ್ಲಿ, ಈ ಕುರಿತು ಆ ದೇಶಕ್ಕೆ ಎಚ್ಚರಿಕೆ ಕೊಟ್ಟರು. ಜನರ ಒಡನಾಟವಿಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಆಯುಷ್ಯಕ್ಕೆ ಕುತ್ತು ಎಂದರು. ಹೃದ್ರೋಗ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳೂ ಇದರ ಬೆನ್ನಿಗೆ ಬರುತ್ತವೆ. ಜಗತ್ತಿನಲ್ಲಿ ವರ್ಷಕ್ಕೆ 8,71,000ಕ್ಕೂ ಹೆಚ್ಚು ಸಾವುಗಳಿಗೆ ಒಂಟಿತನದ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಹೇಳಿತು. ಮೊಮ್ಮಗ ಬೀಡಿ ಸೇದಿದರೆ ಗದರುವ ನಾವು, ಅಜ್ಜನ ಒಂಟಿತನವನ್ನು ಕಂಡೂ ಕಾಣದಂತೆ ಇರುವುದು ಸರಿಯೇ?

ನಮ್ಮ ಧರ್ಮದಲ್ಲಿ ಗುರು, ಲಿಂಗಗಳ ಜೊತೆಗೆ ಜಂಗಮವೂ ಪೂಜ್ಯ. ಜಂಗಮ ಎಂದರೆ ಚಲಿಸುವುದು, ಭಕ್ತನ ಬಾಗಿಲಿಗೆ ತಾನೇ ನಡೆದು ಬರುವುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರೂ ಕೂಡಿ ಕುಳಿತು ಮಾತನಾಡಿದರು. ಒಬ್ಬರ ಅನುಭವ ಇನ್ನೊಬ್ಬರಿಗೆ ಬೆಳಕಾಯಿತು. ಅನ್ನವಿಕ್ಕುವುದೊಂದೇ ದಾಸೋಹವಲ್ಲ. ಕೇಳುವವರಿಲ್ಲದ ಜೀವದ ಬಳಿ ಅರ್ಧ ಗಳಿಗೆ ಕುಳಿತು ಅದರ ಮಾತಿಗೆ ಕಿವಿಗೊಡುವುದೂ ದಾಸೋಹವೇ.

ಇದಕ್ಕೆ ಕಟ್ಟಡ ಬೇಡ, ಚಂದಾ ಬೇಡ. ಪ್ರತಿ ಸೋಮವಾರ ಸಂಜೆ ಊರಿನ ಮಠದಲ್ಲೋ ಅರಳಿಕಟ್ಟೆಯಲ್ಲೋ ಹಿರಿಯರು ಒಂದು ಗಂಟೆ ಸೇರಲಿ. ಭಜನೆಯಾಗಲಿ, ಮಾತುಕತೆಯಾಗಲಿ, ಪ್ರಸಾದವಾಗಲಿ. ಬೆಟ್ಟದ ಮೆಟ್ಟಿಲು ಹತ್ತಲಾರದವರ ಮನೆಗೆ ಯುವಕರು ವಿಭೂತಿ, ಪ್ರಸಾದ ಒಯ್ಯಲಿ. ಮಾತ್ರೆ ನುಂಗಿದರೋ ಇಲ್ಲವೋ ವಿಚಾರಿಸಲಿ. ಕಿವಿ ಮಂದವಾಗಿ, ಕಣ್ಣಿಗೆ ಪೊರೆ ಬಂದು ಎಷ್ಟೋ ಮಂದಿ ಮನೆ ಹಿಡಿದಿರುತ್ತಾರೆ, ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯಲಿ. ಯಾರೂ ಇಲ್ಲದವರಿಗೆ ಹಿರಿಯರ ಸಹಾಯವಾಣಿ 14567 ಎಂದು ತಿಳಿಸಲಿ. ಹೀಗೆ ಹೋಗುವಾಗ ಯಾವ ಕೇರಿ, ಯಾವ ಕುಲ ಎಂದು ನೋಡಬಾರದು. ಗಂಡನನ್ನು ಕಳೆದುಕೊಂಡ ತಾಯಿಯನ್ನು ಮಂಗಳಕಾರ್ಯದಲ್ಲಿ ಹಿಂದೆ ಕೂರಿಸುವ ಮನೆಯಲ್ಲಿ ಬಸವಣ್ಣನವರ ಪಟವಿದ್ದು ಪ್ರಯೋಜನವೇನು?

ಹಿರಿಯರಿಗೂ ಒಂದು ಮಾತು. ವಯಸ್ಸಾಯಿತೆಂದು ಕಾಯಕ ಬಿಡಬೇಡಿ. ಹೂ ಕಟ್ಟಿ, ಮೊಮ್ಮಕ್ಕಳಿಗೆ ಕಥೆ ಹೇಳಿ, ನೆರೆಯವರ ಬಾಗಿಲಿಗೆ ನೀವೇ ಮೊದಲು ಹೋಗಿ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ತಾಯಂದಿರೇ, ಮಗಳ ಮನೆಗೆ ಹೋಗಿಬನ್ನಿ, ನಂಜನಗೂಡಿನ ನಂಜುಂಡನನ್ನು ನೋಡಿಬನ್ನಿ.

ದೂರದಲ್ಲಿರುವ ಮಕ್ಕಳೇ, ಹಣದ ಜೊತೆಗೆ ನಿಮ್ಮ ದನಿಯನ್ನೂ ಕಳುಹಿಸಿ. ಮುಂದಿನ ಜಾತ್ರೆಗೆ ಬಂದಾಗ ಬೆಟ್ಟ ಹತ್ತುವ ಮೊದಲು ಜಗುಲಿಯ ಮೇಲಿನ ಹಿರಿಯರ ಪಕ್ಕದಲ್ಲಿ ಕುಳಿತುಕೊಳ್ಳಿ. ಮಲ್ಲಿಕಾರ್ಜುನನಿಗೆ ಆ ಪೂಜೆ ಮೊದಲು ಸಲ್ಲುತ್ತದೆ. ಎಲ್ಲರಿಗೂ ಸನ್ಮಂಗಳವಾಗಲಿ.